ಇಟಲಿಯಲ್ಲಿ ಅಪ್ಪ ಅಮ್ಮನ ಜೊತೆ ನಡೆದೇ ಊರು ನೋಡಬೇಕು, ಎಲ್ಲಿ ಉಳಿಯೋದು?

ನಿಧಾನಯಾತ್ರಿ:

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ ಕೊನೆಯಿಂದ ನವೆಂಬರ್ ಮೊದಲ ವಾರದವರೆಗೆ ಅಪ್ಪ, ಅಮ್ಮ, ನಾನು ಮೂರು ಜನ ಇಟಲಿಗೆ ಹೋಗ್ತಿದ್ದೀವಿ. ರೋಮ್, ಫ್ಲಾರೆನ್ಸ್, ವೆನಿಸ್ ಖಂಡಿತ. ಸಮಯ ಸಿಕ್ಕರೆ ಇನ್ನೊಂದು ಸಣ್ಣ ಊರು. ಎಲ್ಲಾ ಸೇರಿ ಹನ್ನೊಂದು ಹನ್ನೆರಡು ರಾತ್ರಿ.

ಅಪ್ಪನಿಗೆ ಹಳೇ ಕಟ್ಟಡ ಅಂದ್ರೆ ಪ್ರಾಣ. ಒಂದು ಚರ್ಚ್ ಮುಂದೆ ಅರ್ಧ ಗಂಟೆ ನಿಂತ್ಕೋತಾರೆ. ಅಮ್ಮನಿಗೆ ಮಂಡಿನೋವು. ಸಮತಟ್ಟು ರಸ್ತೆ ಇದ್ದರೆ ನಿಧಾನವಾಗಿ ಎರಡು ಮೂರು ಕಿಲೋಮೀಟರ್ ನಡೀತಾರೆ, ಮೆಟ್ಟಿಲು ಕಂಡರೆ ಮುಖ ಸಣ್ಣಗಾಗುತ್ತೆ. ಮಧ್ಯಾಹ್ನ ಒಂದು ಗಂಟೆ ರೂಮಿಗೆ ಬಂದು ಕಾಲು ಚಾಚಲೇಬೇಕು. ಹಾಗಾಗಿ ನೋಡೋ ಜಾಗಗಳಿಂದ ನಡೆದು ವಾಪಸ್ ಬರೋ ದೂರದಲ್ಲೇ ರೂಮ್ ಬೇಕು.

ಬಜೆಟ್ ಮೂರು ಜನಕ್ಕೆ ಒಂದು ರಾತ್ರಿಗೆ 120 ಯೂರೋ ಆಸುಪಾಸು. ಸೈಟಲ್ಲಿ ನೋಡಿದರೆ ಊರ ಮಧ್ಯೆ ಇರೋದೆಲ್ಲ ಇದರ ದುಪ್ಪಟ್ಟು, ಕಡಿಮೆ ಬೆಲೆಯದ್ದೆಲ್ಲ ಊರಾಚೆ. ಅಣ್ಣ ಹೇಳ್ತಾನೆ, ಕಾರು ಬಾಡಿಗೆ ತಗೊಂಡು ಊರಾಚೆನೇ ಉಳೀರಿ, ಬೆಳಿಗ್ಗೆ ಕಾರಲ್ಲಿ ಬನ್ನಿ ಅಂತ. ನನಗ್ಯಾಕೋ ಮನಸ್ಸು ಒಪ್ತಿಲ್ಲ. ವೆನಿಸ್‌ಗೆ ದ್ವೀಪದ ಆಚೆ ದಡದಲ್ಲಿರೋ ಮೆಸ್ತ್ರೆಯಲ್ಲಿ ಉಳಿದರೆ ಸಾಕು ಅಂತ ತುಂಬಾ ಜನ ಬರೆದಿದ್ದಾರೆ, ಅದು ಸರಿನಾ? ಅಲ್ಲಿ ಓಡಾಡಿದವರು ದಯವಿಟ್ಟು ಹೇಳಿ.

ಕಮಾನಿನ ಕೆಳಗೆ:

ನಿಮ್ಮ ಅಮ್ಮನ ವಿಷಯ ಓದಿದಾಗ ನಮ್ಮತ್ತೆ ಕಣ್ಮುಂದೆ ಬಂದ್ರು. ನಾನು ಬೊಲೊನ್ಯಾದಲ್ಲಿ ಇದ್ದೀನಿ. ಅತ್ತೆ ಮಾವ ಬಂದಾಗಲೆಲ್ಲ ಇವೇ ಊರುಗಳನ್ನ ಸುತ್ತಿಸಿದ್ದೀನಿ. ಅತ್ತೆಗೂ ಮಂಡಿ, ಮಾವನಿಗೂ ಕಟ್ಟಡಗಳು. ಅದಕ್ಕೇ ಸ್ವಲ್ಪ ಉದ್ದ ಬರೀತೀನಿ, ಬೇಸರ ಮಾಡ್ಕೋಬೇಡಿ.

ಮೊದಲು ಕಾರಿನ ವಿಷಯ. ಬೇಡವೇ ಬೇಡ. ಇಲ್ಲಿ ಹಳೇ ಊರುಗಳ ಒಳಗೆ ಹೊರಗಿನ ಕಾರು ನುಗ್ಗೋ ಹಾಗಿಲ್ಲ. ಝೆಡ್‌ಟಿಎಲ್ (ವಾಹನ ನಿರ್ಬಂಧಿತ ವಲಯ) ಅಂತ ಬೋರ್ಡ್ ಇರುತ್ತೆ, ಪಕ್ಕದಲ್ಲೇ ಕ್ಯಾಮೆರಾ. ಗೊತ್ತಿಲ್ಲದೆ ಗೇಟ್ ದಾಟಿದರೂ ದಂಡ, ಚೀಟಿ ಬರೋದು ಎಷ್ಟೋ ತಿಂಗಳ ಮೇಲೆ. ನಿಮ್ಮ ಪಟ್ಟಿಯಲ್ಲಿರೋ ಮೂರೂ ಊರಲ್ಲಿ ದೊಡ್ಡ ರೈಲ್ವೆ ಸ್ಟೇಷನ್ ಹಳೇ ಊರಿನ ಅಂಚಲ್ಲೇ ಇದೆ. ಕಾರಿಗೆ ಕೊಡೋ ದುಡ್ಡನ್ನ ರೂಮಿನ ಜಾಗಕ್ಕೆ ಹಾಕಿ.

ಎಲ್ಲರೂ ಮ್ಯಾಪಲ್ಲಿ ನೋಡಬೇಕಾದ ಸ್ಮಾರಕದಿಂದ ಹೋಟೆಲ್ ಎಷ್ಟು ದೂರ ಅಂತ ಅಳೀತಾರೆ. ವಯಸ್ಸಾದವರ ಜೊತೆ ಬರುವಾಗ ನಾನು ಅಳೆಯೋದು ಸ್ಟೇಷನ್‌ನಿಂದ ಹಾಸಿಗೆವರೆಗಿನ ದಾರಿ. ಮಧ್ಯೆ ಎಷ್ಟು ಸೇತುವೆ, ಎಷ್ಟು ಏರು, ಕಟ್ಟಡದ ಬಾಗಿಲಿಂದ ರೂಮಿಗೆ ಎಷ್ಟು ಮೆಟ್ಟಿಲು. ಆ ದಾರಿ ಸುಲಭ ಇದ್ದರೆ ಮಧ್ಯಾಹ್ನ ರೂಮಿಗೆ ಬಂದು ಹೋಗೋದು ಭಾರ ಅನ್ಸಲ್ಲ. ಈ ಊರುಗಳ ನಡುಭಾಗ ನಾವು ಅಂದುಕೊಂಡಷ್ಟು ದೊಡ್ಡದಲ್ಲ. ಫ್ಲಾರೆನ್ಸಲ್ಲಿ ಸ್ಟೇಷನ್‌ನಿಂದ ದುಓಮೊಗೆ, ಅಂದ್ರೆ ಊರಿನ ದೊಡ್ಡ ಚರ್ಚಿಗೆ, ಹತ್ತು ನಿಮಿಷದ ನಡಿಗೆ. ಹೋಟೆಲ್ ಇನ್ನೂರು ಮೀಟರ್ ಆಚೆ ಇದ್ದರೂ ನಷ್ಟ ಇಲ್ಲ. ಆದರೆ ಲಿಫ್ಟ್ ಇಲ್ಲದ ಮೂರನೇ ಮಹಡಿ ಅಂದ್ರೆ ದಿನಕ್ಕೆ ಎರಡು ಸಲ ಹತ್ತಬೇಕು.

ಮಹಡಿ ಅಂದ ತಕ್ಷಣ ಒಂದು ಮಾತು. ಹಳೇ ಪಲಾತ್ಸೊಗಳಲ್ಲಿ, ಅಂದ್ರೆ ಅರಮನೆಯಂಥ ದೊಡ್ಡ ಕಟ್ಟಡಗಳಲ್ಲಿ, ಚಾವಣಿ ತುಂಬಾ ಎತ್ತರ. ಕೆಲವು ಕಡೆ ನೆಲಮಹಡಿಗೂ ಮೊದಲನೇ ಮಹಡಿಗೂ ಮಧ್ಯೆ ಒಂದು ಅರೆಮಹಡಿ ಬೇರೆ ಇರುತ್ತೆ, ಅದನ್ನ ಲೆಕ್ಕಕ್ಕೇ ಹಿಡಿಯಲ್ಲ. ಹಾಗಾಗಿ ಎರಡನೇ ಮಹಡಿ ಅಂದ್ರೂ ಎಂಬತ್ತು ಮೆಟ್ಟಿಲು ಇರಬಹುದು. ಒಂದು ಅಪಾರ್ಟ್‌ಮೆಂಟಿನವರು ನಮಗೆ ಲಿಫ್ಟ್ ಇದೆ ಅಂತ ಬರೆದು ಕೊಟ್ಟಿದ್ದರು. ಲಿಫ್ಟ್ ನಿಜವಾಗಿ ಇತ್ತು, ಆದರೆ ಅದು ಶುರುವಾಗೋದೇ ಹದಿನೆಂಟು ಮೆಟ್ಟಿಲು ಹತ್ತಿದ ಮೇಲೆ! ಸೂಟ್‌ಕೇಸ್ ಒಳಗಿಟ್ಟರೆ ಮನುಷ್ಯರಿಗೆ ಜಾಗ ಇಲ್ಲ. ಅತ್ತೆ ಗೋಡೆ ಹಿಡಿದು ಹತ್ತಿದ್ದು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತೆ. ಅವತ್ತಿನಿಂದ ಬುಕ್ ಮಾಡೋ ಮುಂಚೆ ಕೇಳೋದು ಒಂದೇ ಪ್ರಶ್ನೆ: ರಸ್ತೆಯಿಂದ ಹಾಸಿಗೆವರೆಗೆ ಒಟ್ಟು ಎಷ್ಟು ಮೆಟ್ಟಿಲು? ಸಂಖ್ಯೆ ಹೇಳದೆ ನುಣುಚಿಕೊಳ್ಳೋರನ್ನ ಬಿಟ್ಟುಬಿಡಿ.

ಈಗ ಒಂದೊಂದೇ ಊರು.

ರೋಮಲ್ಲಿ ನಿಮಗೆ ನಾನು ಹೇಳೋದು ಪ್ರಾತಿ. ವ್ಯಾಟಿಕನ್ ಪಕ್ಕದ ಬಡಾವಣೆ. ರೋಮ್ ರಾಜಧಾನಿ ಆದ ಮೇಲೆ, ಅಂದ್ರೆ 1870ರ ನಂತರ ಕಟ್ಟಿದ್ದು. ಅದಕ್ಕೇ ರಸ್ತೆ ನೇರ, ಅಗಲ, ಸಮತಟ್ಟು, ಫುಟ್‌ಪಾತ್ ಚೆನ್ನಾಗಿದೆ. ಸಂತ ಪೀಟರ್ ಚೌಕಕ್ಕೆ ನಡೆದೇ ಹೋಗಬಹುದು. ಕಾಸ್ತೆಲ್ ಸಾಂತಾಂಜೆಲೊ ಎದುರಿನ ಸೇತುವೆ ದಾಟಿದರೆ ಪಿಯಾತ್ಸಾ ನವೋನಾ ಕಡೆಗೂ ಏರಿಲ್ಲ. ದೂರ ಹೋಗೋಕೆ ಒತ್ತಾವಿಯಾನೊ ಅಥವಾ ಲೆಪಾಂತೊದಲ್ಲಿ ಮೆಟ್ರೊ ಎ ಲೈನ್ ಸಿಗುತ್ತೆ, ಅದು ನೇರ ಮುಖ್ಯ ಸ್ಟೇಷನ್ ತೆರ್ಮಿನಿಗೆ ಬರುತ್ತೆ. ಅಲ್ಲಿ ಬಿ ಲೈನಿಗೆ ಬದಲಾಯಿಸಿದರೆ ಎರಡೇ ಸ್ಟಾಪಿಗೆ ಕೊಲೊಸ್ಸಿಯಂ. ಎಲ್ಲರೂ ಹೊಗಳೋ ಮೊಂತಿ ಬಲು ಚೆಂದ, ಆದರೆ ಅದು ಗುಡ್ಡ, ಅದರ ಮೇಲೆ ಕರೀ ಕಲ್ಲಿನ ಹಾಸು. ಮಂಡಿಗೆ ಅದು ಆಗಿಬರಲ್ಲ. ತ್ರಾಸ್ತೆವೆರೆ ಸಮತಟ್ಟೇ, ಆದರೆ ಮೆಟ್ರೊ ಇಲ್ಲ, ರಾತ್ರಿ ಗಲಾಟೆ ಜಾಸ್ತಿ.

ಬಜೆಟ್ ವಿಷಯಕ್ಕೆ ರೋಮಲ್ಲಿ ಒಂದು ಒಳ್ಳೇ ದಾರಿ ಇದೆ, ಕ್ರೈಸ್ತ ಸನ್ಯಾಸಿನಿಯರು ನಡೆಸೋ ಅತಿಥಿಗೃಹಗಳು. ಕಾಸಾ ಪೆರ್ ಫೆರಿಯೆ ಅಂತ ಹುಡುಕಿ. ಧರ್ಮ ಯಾವುದು ಅಂತ ಕೇಳಲ್ಲ. ವ್ಯಾಟಿಕನ್ ಸುತ್ತಮುತ್ತ ಬೇಕಾದಷ್ಟಿವೆ. ನಾವು ಉಳಿದಿದ್ದ ಕಡೆ ಮೂರು ಒಂಟಿ ಮಂಚ, ಬಿಳೀ ದುಪ್ಪಟಿ, ಒಂದು ಮೇಜು, ಗೋಡೆ ಮೇಲೆ ಶಿಲುಬೆ, ಅಷ್ಟೇ. ಟೀವಿ ಇಲ್ಲ. ಆದರೆ ನೆಲ ಮುಖ ಕಾಣೋ ಹಾಗೆ ಒರೆಸಿರ್ತಾರೆ, ದೊಡ್ಡ ಲಿಫ್ಟ್ ಇತ್ತು, ಒಳಗೆ ಕಿತ್ತಲೆ ಮರ ಇರೋ ಅಂಗಳ. ಮಾವ ಅದರ ಕಟ್ಟೆ ಬಿಟ್ಟು ಏಳ್ತಾನೇ ಇರಲಿಲ್ಲ. ಮೂರು ಜನಕ್ಕೆ ತಿಂಡಿ ಸೇರಿ 115 ಯೂರೋ ಕೊಟ್ಟಿದ್ದೆವು. ರಾತ್ರಿ ಬಾಗಿಲು ಹಾಕೋ ಸಮಯ ಇರುತ್ತೆ, ಬಹಳ ಕಡೆ ಹನ್ನೊಂದು. ನಿಮಗೆ ಅದು ತೊಂದರೆ ಆಗಲ್ಲ. ಇಂಥವು ಎಷ್ಟೋ ದೊಡ್ಡ ಬುಕಿಂಗ್ ಸೈಟಲ್ಲಿ ಸಿಗಲ್ಲ, ಇಮೇಲ್ ಬರೀಬೇಕು. ಎರಡು ದಿನ ಬಿಟ್ಟು ಉತ್ತರ ಬರುತ್ತೆ, ತಾಳ್ಮೆ ಇರಲಿ. ಗುಡ್ಡದ ಮೇಲಿರೋ ಜನಿಕೊಲೊ ಕಡೆಯದ್ದು ಮಾತ್ರ ಬೇಡ.

ಇನ್ನೊಂದು ಖರ್ಚು ಸೈಟಲ್ಲಿ ಕಾಣಲ್ಲ, ಊರಿನ ಪ್ರವಾಸಿ ತೆರಿಗೆ. ರೋಮಲ್ಲಿ ಮೂರು ಸ್ಟಾರ್ ಹೋಟೆಲಲ್ಲಿ ತಲೆಗೆ ರಾತ್ರಿಗೆ 6 ಯೂರೋ. ನೀವು ಮೂವರು ನಾಲ್ಕು ರಾತ್ರಿ ಉಳಿದರೆ 72 ಯೂರೋ. ಸಾಮಾನ್ಯವಾಗಿ ಅಲ್ಲೇ ಕೌಂಟರಲ್ಲಿ ಕೇಳ್ತಾರೆ. ಫ್ಲಾರೆನ್ಸ್, ವೆನಿಸಲ್ಲೂ ಇದೆ, ಸ್ಟಾರ್ ಕಮ್ಮಿ ಇದ್ದಷ್ಟೂ ತೆರಿಗೆ ಕಮ್ಮಿ. 120 ಅಂತ ಬಜೆಟ್ ಇಟ್ಕೊಂಡಿದ್ದರೆ ಇದನ್ನೂ ಒಳಗೆ ಸೇರಿಸಿ ಲೆಕ್ಕ ಹಾಕಿ.

ಫ್ಲಾರೆನ್ಸಲ್ಲಿ ಜಾಸ್ತಿ ತಲೆ ಕೆಡಿಸ್ಕೋಬೇಡಿ. ಸಾಂತಾ ಮರಿಯಾ ನೊವೆಲ್ಲಾ ಸ್ಟೇಷನ್‌ನಿಂದ ಸಾನ್ ಲೊರೆಂತ್ಸೊ ಕಡೆ ಹೋಗೋ ವಿಯಾ ಫಾಯೆಂತ್ಸಾ, ವಿಯಾ ನತ್ಸಿಯೊನಾಲೆ ಸುತ್ತ ಒಂದೇ ಕಟ್ಟಡದಲ್ಲಿ ಮಹಡಿಗೊಂದರಂತೆ ಸಣ್ಣ ಸಣ್ಣ ಹೋಟೆಲುಗಳಿವೆ. ಒಂದು ಸ್ಟಾರ್, ಎರಡು ಸ್ಟಾರ್. ಬೀದಿ ಅಷ್ಟೇನೂ ಅಂದವಾಗಿಲ್ಲ, ಬ್ಯಾಗಿನ ಅಂಗಡಿಗಳ ಸಾಲು. ಆದರೆ ದಾರಿ ಸಮತಟ್ಟು, ದುಓಮೊ, ಮಾರುಕಟ್ಟೆ, ಸ್ಟೇಷನ್ ಎಲ್ಲ ಕೈಗೆಟಕುತ್ತೆ. ರಸ್ತೆ ಕಡೆ ಕಿಟಕಿ ಬೇಡ, ಒಳಅಂಗಳದ ಕಡೆ ಕೊಡಿ ಅಂತ ಮೊದಲೇ ಬರೆದುಬಿಡಿ. ನದಿ ಆಚೆ ಸಾಂತೊ ಸ್ಪಿರಿತೊ ನನಗೆ ಇಷ್ಟದ ಜಾಗ, ಆದರೆ ಚೌಕದ ಮೇಲೇ ರೂಮ್ ಹಿಡಿದರೆ ನಡುರಾತ್ರಿವರೆಗೂ ನಿದ್ದೆ ಬರಲ್ಲ.

ನಿಮ್ಮ ದಿನಾಂಕಕ್ಕೆ ಬಹಳ ಮುಖ್ಯವಾದ ಇನ್ನೊಂದು ಸಂಗತಿ. ಇಲ್ಲಿ ಹೀಟರ್ ಯಾವಾಗಿನಿಂದ ಹಾಕಬಹುದು ಅಂತ ಪ್ರದೇಶವಾರು ಕಾನೂನೇ ಇದೆ. ಬೊಲೊನ್ಯಾ, ವೆನಿಸ್ ಕಡೆ ಅಕ್ಟೋಬರ್ 15ಕ್ಕೆ ಶುರು. ಫ್ಲಾರೆನ್ಸ್, ರೋಮಲ್ಲಿ ನವೆಂಬರ್ 1ರಿಂದ. ಅಕ್ಟೋಬರ್ 28ಕ್ಕೆ ಫ್ಲಾರೆನ್ಸಿನ ಕಲ್ಲುಗೋಡೆಯ ರೂಮಲ್ಲಿ ರಾತ್ರಿ ಚಳಿ ಆದರೆ ಅವರು ಕೊಡೋದು ಇನ್ನೊಂದು ಕಂಬಳಿ. ಎಸಿ ಯಂತ್ರದಲ್ಲೇ ಬಿಸಿಗಾಳಿ ಬರುತ್ತಾ ಅಂತ ಕೇಳಿ ಇಟ್ಕೊಳ್ಳಿ. ಅಮ್ಮನ ಮಂಡಿಗೆ ಬೆಚ್ಚಗಿರಬೇಕಲ್ಲ.

ವೆನಿಸ್ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿ: ಒಂದೆರಡು ರಾತ್ರಿಯಾದರೂ ದ್ವೀಪದ ಒಳಗೇ ಉಳೀರಿ. ಸಾಂತಾ ಲುಚಿಯಾ ಸ್ಟೇಷನ್‌ನಿಂದ ಹೊರಬಂದು ಎಡಕ್ಕೆ ತಿರುಗಿದರೆ ಲಿಸ್ತಾ ದಿ ಸ್ಪಾನ್ಯಾ ಅನ್ನೋ ಅಗಲವಾದ ಬೀದಿ. ಅದರ ಕೊನೆಗೆ ಸಾನ್ ಜೆರೆಮಿಯಾ ಚೌಕ, ಅದನ್ನ ದಾಟಿದ ಮೇಲೆ ಕನ್ನರೇಜೊ ಕಾಲುವೆ, ಅದರ ಮೇಲೆ ಮೂಲೆಮೂಲೆಗೂ ಚೂಪು ಕಂಬ ಇರೋ ಸೇತುವೆ. ಗೊತ್ತಾಯ್ತಾ? ಆ ಸೇತುವೆವರೆಗೆ ಒಂದು ಸೇತುವೆಯೂ ಇಲ್ಲ! ಬೇರೆ ಯಾವ ದಿಕ್ಕಿಗೆ ಹೋದರೂ ಹತ್ತಿಪ್ಪತ್ತು ಹೆಜ್ಜೆಗೆ ಒಂದು ಸೇತುವೆ, ಹೆಚ್ಚುಕಮ್ಮಿ ಎಲ್ಲಕ್ಕೂ ಮೆಟ್ಟಿಲು, ಸೂಟ್‌ಕೇಸ್ ಕೈಯಲ್ಲಿ ಎತ್ತಬೇಕು. ಹಾಗಾಗಿ ಲಿಸ್ತಾ ದಿ ಸ್ಪಾನ್ಯಾದ ಅಡ್ಡಬೀದಿಯಲ್ಲಿ ಸಾಧಾರಣ ಹೋಟೆಲ್ ಹಿಡಿದರೆ ಅಮ್ಮ ಸ್ಟೇಷನ್‌ನಿಂದ ಹೋಟೆಲಿನ ಬಾಗಿಲವರೆಗೆ ಒಂದೂ ಸೇತುವೆ ಹತ್ತದೆ ಬರಬಹುದು. ಮುಖ್ಯ ಬೀದಿ ಪ್ರವಾಸಿಗರ ಸಂತೆ, ನಿಜ. ಆದರೆ ಸಾಯಂಕಾಲ ದಿನದ ಜನ ರೈಲು ಹತ್ತಿ ಹೋದ ಮೇಲೆ ಅದೇ ಊರು ಬೇರೆ ಥರ ಕಾಣುತ್ತೆ. ಬೆಳಿಗ್ಗೆ ಏಳಕ್ಕೆ ವಾಪೊರೆತ್ತೊ (ಬಸ್ಸಿನ ಥರ ಓಡಾಡೋ ದೋಣಿ) ಒಂದನೇ ನಂಬರ್ ಹತ್ತಿ, ದೊಡ್ಡ ಕಾಲುವೆ ಉದ್ದಕ್ಕೂ ಸಾನ್ ಮಾರ್ಕೊ ಚೌಕದವರೆಗೆ ಕೂತೇ ಹೋಗಿ. ಅಪ್ಪನಿಗೆ ಬೇಕಾದ ಅರಮನೆಗಳೆಲ್ಲ ಎರಡೂ ದಡದಲ್ಲಿ ಸಾಲಾಗಿ ಸಿಗುತ್ತವೆ. ಬಿಡಿ ಟಿಕೆಟ್ 9.50 ಯೂರೋ, 75 ನಿಮಿಷಕ್ಕೆ. ಮೂರು ನಾಲ್ಕು ಸಲ ಹತ್ತೋ ಹಾಗಿದ್ದರೆ 25 ಯೂರೋದ 24 ಗಂಟೆ ಪಾಸ್ ಲಾಭ.

ನವೆಂಬರ್ ಮೊದಲ ವಾರ ಸಂಜೆ ಐದಕ್ಕೇ ಕತ್ತಲು. ಅಕ್ಟೋಬರ್ ಕೊನೇ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತೆ. ರೂಮ್ ಹತ್ತಿರ ಇರೋದರ ಬೆಲೆ ಆಗ ಗೊತ್ತಾಗುತ್ತೆ.

ರೈಲುಪ್ರೇಮಿ:

ಅಕ್ಕ ಬರೆದದ್ದು ಬಹುಪಾಲು ಒಪ್ತೀನಿ, ವೆನಿಸ್ ವಿಷಯದಲ್ಲಿ ಮಾತ್ರ ನನ್ನದು ಬೇರೆ ಅಭಿಪ್ರಾಯ. 120 ಯೂರೋಗೆ ಮೂರು ಜನಕ್ಕೆ ದ್ವೀಪದ ಒಳಗೆ ಸಿಗೋ ರೂಮಲ್ಲಿ ಸೂಟ್‌ಕೇಸ್ ಬಿಚ್ಚೋಕೂ ಜಾಗ ಇರಲ್ಲ. ಹಾಗಂತ ಮೆಸ್ತ್ರೆನೂ ಬೇಡ, ಅಲ್ಲಿ ರೂಮ್ ಬಿಟ್ಟರೆ ಸಂಜೆ ನೋಡೋಕೆ ಏನಿದೆ? ನಾನು ಹೇಳೋದು ಪಾದೊವಾ.

ವೆನಿಸ್‌ಗೆ ರೈಲಲ್ಲಿ ಅರ್ಧ ಗಂಟೆ ಚಿಲ್ಲರೆ. ರೀಜನಲ್ ರೈಲಿಗೆ ಸೀಟ್ ರಿಸರ್ವೇಷನ್ ಬೇಡ, ಇವತ್ತು ತಗೊಂಡರೂ ಅದೇ ಬೆಲೆ, ತಿಂಗಳ ಮುಂಚೆ ತಗೊಂಡರೂ ಅದೇ ಬೆಲೆ, ಸುಮಾರು 5 ಯೂರೋ. ಕಾಗದದ ಟಿಕೆಟ್ ಆದರೆ ಪ್ಲಾಟ್‌ಫಾರ್ಮ್ ಹತ್ತಿರದ ಯಂತ್ರದಲ್ಲಿ ಮುದ್ರೆ ಒತ್ತಿಸೋದು ಮರೀಬೇಡಿ, ಮೊಬೈಲ್ ಟಿಕೆಟ್ ಆದರೆ ಹತ್ತೋ ಮುಂಚೆ ಚೆಕ್ ಇನ್ ಒತ್ತಬೇಕು. ಮರೆತರೆ ದಂಡ.

ಪಾದೊವಾ ಬರೀ ಮಲಗೋಕೆ ಇರೋ ಊರಲ್ಲ. ಸ್ಟೇಷನ್‌ನಿಂದ ಹತ್ತು ನಿಮಿಷ ನಡೆದರೆ ಸ್ಕ್ರೊವೆಞಿ ಚಾಪೆಲ್, 1305ರ ಹೊತ್ತಿಗೆ ಜೊತ್ತೊ ಅನ್ನೋ ಚಿತ್ರಕಾರ ಒಳಗೋಡೆ ಪೂರ್ತಿ ಚಿತ್ರ ಬರೆದು ಮುಗಿಸಿದ್ದ. ಒಳಗೆ ಬಿಡೋದು ಸಣ್ಣ ಗುಂಪು, ಸ್ವಲ್ಪವೇ ಹೊತ್ತು. ಟಿಕೆಟ್ ಮುಂಚೆನೇ ಬುಕ್ ಮಾಡಬೇಕು. ನಿಮ್ಮ ಅಪ್ಪ ಅದರೊಳಗೆ ತಲೆಯೆತ್ತಿ ನಿಂತರೆ ಎಳೆದುಕೊಂಡು ಬರಬೇಕಾಗುತ್ತೆ. ಅಲ್ಲಿಂದ ದಕ್ಷಿಣಕ್ಕೆ ಕಮಾನು ಸಾಲಿನ ಕೆಳಗೇ ನಡೆದರೆ ಮಾರುಕಟ್ಟೆ ಚೌಕಗಳು, ಆಮೇಲೆ ಪ್ರಾತೊ ದೆಲ್ಲಾ ವಾಲ್ಲೆ ಅನ್ನೋ ದೊಡ್ಡ ಚೌಕ, ಹತ್ತಿರದಲ್ಲೇ 1545ರ ಸಸ್ಯೋದ್ಯಾನ. ಕಾಲು ಸೋತರೆ ಅದೇ ದಾರಿಗೆ ಟ್ರಾಮ್ ಇದೆ. ಸೇತುವೆ ಮೆಟ್ಟಿಲಿನ ಕಾಟ ಇಲ್ಲವೇ ಇಲ್ಲ.

ಕಮಾನಿನ ಕೆಳಗೆ:

ಪಾದೊವಾ ಬಗ್ಗೆ ನೀವು ಹೇಳಿದ್ದಕ್ಕೆ ಒಂದೂ ಆಕ್ಷೇಪಣೆ ಇಲ್ಲ, ನನಗೂ ಆ ಊರು ತುಂಬಾ ಇಷ್ಟ. ನನ್ನ ಕಳವಳ ಒಂದೇ. ದಿನವೆಲ್ಲಾ ವೆನಿಸಲ್ಲಿ ಓಡಾಡಿ ಸುಸ್ತಾದ ಅಮ್ಮನಿಗೆ ಮಧ್ಯಾಹ್ನ ಮಲಗೋಕೆ ಜಾಗ ಇಲ್ಲ ಅಂತಾಗುತ್ತೆ. ವೆನಿಸಲ್ಲಿ ಕೂರೋಕೆ ಬೆಂಚು ಬಹಳ ಕಡಿಮೆ. ಕೂತ್ಕೋಬೇಕು ಅಂದ್ರೆ ಕೆಫೆಯ ಕುರ್ಚಿಗೇ ದುಡ್ಡು ಕೊಡಬೇಕು. ಮೆಟ್ಟಿಲ ಮೇಲೆ ಕೂರೋಣ ಅಂದ್ರೆ ಸಾನ್ ಮಾರ್ಕೊ ಹತ್ತಿರ ಪೊಲೀಸರು ಎಬ್ಬಿಸ್ತಾರೆ.

ಆದ್ದರಿಂದ ವೆನಿಸ್ ಒಳಗೆ ಎರಡೇ ರಾತ್ರಿ, ಬಜೆಟ್‌ಗಿಂತ ಸ್ವಲ್ಪ ಜಾಸ್ತಿ ಕೊಟ್ಟು. ಆ ಹೆಚ್ಚುವರಿ ದುಡ್ಡನ್ನ ಬೇರೆ ಊರಲ್ಲಿ ಉಳಿಸಿ. ನಿಧಾನಯಾತ್ರಿಯವರು ಇನ್ನೊಂದು ಸಣ್ಣ ಊರು ಅಂದಿದ್ದಾರಲ್ಲ, ಅದು ಪಾದೊವಾ ಆಗಬಹುದು ಅಥವಾ ನಮ್ಮ ಬೊಲೊನ್ಯಾ. ಬೊಲೊನ್ಯಾದಲ್ಲಿ ಹಳೇ ಊರೊಳಗೇ 38 ಕಿಲೋಮೀಟರ್ ಕಮಾನಿನ ಕಾಲುದಾರಿ ಇದೆ, 2021ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ನವೆಂಬರ್ ಮಳೆಯಲ್ಲೂ ಸ್ಟೇಷನ್ ಕಡೆಯಿಂದ ವಿಯಾ ಇಂದಿಪೆಂದೆಂತ್ಸಾ ಉದ್ದಕ್ಕೂ ಹೆಚ್ಚುಕಮ್ಮಿ ಛತ್ರಿ ಬಿಚ್ಚದೆ ಪಿಯಾತ್ಸಾ ಮಜ್ಜೋರೆ ತಲುಪಬಹುದು. ಫ್ಲಾರೆನ್ಸಿಗೆ ವೇಗದ ರೈಲಲ್ಲಿ ನಲವತ್ತು ನಿಮಿಷದೊಳಗೆ. ಒಂದೇ ಎಚ್ಚರಿಕೆ, ಬುಕ್ ಮಾಡೋ ಮುಂಚೆ ಇಲ್ಲಿನ ವ್ಯಾಪಾರ ಮೇಳಗಳ ಪಟ್ಟಿ ನೋಡಿ. ಮೇಳ ಇರೋ ವಾರ ರೂಮಿನ ಬೆಲೆ ಎರಡರಷ್ಟು ಮೂರರಷ್ಟು ಆಗುತ್ತೆ, ಮುಗಿದ ಮರುದಿನವೇ ಇಳಿದುಬಿಡುತ್ತೆ. ಅಂದ ಹಾಗೆ, ವೇಗದ ರೈಲು ಬಂದು ನಿಲ್ಲೋದು ನೆಲದಡಿ ಬಹಳ ಆಳದಲ್ಲಿ. ಎಸ್ಕಲೇಟರ್ ಮೇಲೆ ಎಸ್ಕಲೇಟರ್. ಅಮ್ಮನ ಜೊತೆ ರೈಲು ಹಿಡಿಯೋಕೆ ಹದಿನೈದು ನಿಮಿಷ ಹೆಚ್ಚೇ ಇಟ್ಕೊಳ್ಳಿ.

ಹಸಿರುಚೀಲ:

ನಾನು ಅಲ್ಲಿ ಓದುತ್ತಿದ್ದಾಗ ಹಾಸ್ಟೆಲುಗಳಲ್ಲೇ ಉಳಿದವನು, ಅಪ್ಪ ಅಮ್ಮನಿಗೆ ಅದು ಆಗಲ್ಲ. ಆದರೆ ಸಣ್ಣ ಊರು ಅಂದ್ರಲ್ಲ, ಲೂಕ್ಕಾ ನೋಡಿ. ಊರೆಲ್ಲ ಚಪ್ಪಟೆ. ಸುತ್ತ ನಾಲ್ಕು ಕಿಲೋಮೀಟರ್ ಚಿಲ್ಲರೆ ಕೋಟೆಗೋಡೆ, ಅದರ ಮೇಲೆ ಮರಗಳ ಸಾಲು, ಅಗಲವಾದ ಕಾಲುದಾರಿ. ಹತ್ತೋಕೆ ಇಳಿಜಾರು ದಾರಿಗಳೂ ಇವೆ. ರೈಲ್ವೆ ಸ್ಟೇಷನ್ ಗೋಡೆಯ ಎದುರಿಗೇ. ಫ್ಲಾರೆನ್ಸಿಗಿಂತ ರೂಮ್ ಅಗ್ಗ, ನಿಶ್ಶಬ್ದ.

ಅಪಾರ್ಟ್‌ಮೆಂಟ್ ಹಿಡಿಯೋದಾದರೆ ಒಂದು ನೋಡ್ಕೊಳ್ಳಿ. 2025ರ ಜನವರಿ 1ರಿಂದ ಬಾಡಿಗೆಗೆ ಕೊಡೋ ಪ್ರತಿ ಮನೆಗೂ ಸಿಐಎನ್ ಅನ್ನೋ ರಾಷ್ಟ್ರೀಯ ಸಂಖ್ಯೆ ಕಡ್ಡಾಯ. ಜಾಹೀರಾತಲ್ಲೂ ಹಾಕಬೇಕು, ಕಟ್ಟಡದ ಹೊರಗೂ ಹಾಕಬೇಕು. ಆ ಸಂಖ್ಯೆ ಇಲ್ಲದ ಜಾಹೀರಾತಿಗೆ ಮುಂಗಡ ಕಳಿಸಬೇಡಿ. ಪಾಸ್‌ಪೋರ್ಟ್ ಕೇಳಿದರೆ ಗಾಬರಿ ಬೇಡ, ಅತಿಥಿಗಳ ವಿವರ 24 ಗಂಟೆಯೊಳಗೆ ಪೊಲೀಸ್ ಇಲಾಖೆಗೆ ಕೊಡೋದು ಅವರ ಕರ್ತವ್ಯ. ಹೋಟೆಲಾದರೂ ಅಷ್ಟೇ, ಸನ್ಯಾಸಿನಿಯರ ಮನೆಯಾದರೂ ಅಷ್ಟೇ.

ಕಮಾನಿನ ಕೆಳಗೆ:

ಲೂಕ್ಕಾ ಬಹಳ ಒಳ್ಳೇ ಸಲಹೆ, ಮಂಡಿನೋವಿನವರಿಗೆ ಹೇಳಿ ಮಾಡಿಸಿದ ಊರು. ಆದರೆ ಈ ದಿನಾಂಕಕ್ಕೆ ಖಂಡಿತ ಬೇಡ! ಅಕ್ಟೋಬರ್ ಕೊನೆ, ನವೆಂಬರ್ ಶುರುವಿನಲ್ಲಿ ಅಲ್ಲಿ ಕಾಮಿಕ್ಸ್ ಉತ್ಸವ. ಲಕ್ಷಗಟ್ಟಲೆ ಜನ ಆ ಗೋಡೆಯೊಳಗೆ ಸೇರ್ತಾರೆ. ರೂಮು ವರ್ಷದ ಮೊದಲೇ ಹೋಗಿರುತ್ತೆ, ರೈಲಲ್ಲಿ ನಿಲ್ಲೋಕೂ ಜಾಗ ಇರಲ್ಲ.

ಆ ಕಡೆಯೇ ಸಣ್ಣ ಊರು ಬೇಕು ಅಂದ್ರೆ ಸಿಯೆನಾ ಇದೆ, ಗುಡ್ಡದ ಊರಾದರೂ ಉಪಾಯ ಇದೆ. ಫ್ಲಾರೆನ್ಸಿನಿಂದ ರೈಲು ಬೇಡ, ಸಿಯೆನಾ ಸ್ಟೇಷನ್ ಗುಡ್ಡದ ಬುಡದಲ್ಲಿದೆ. ನೇರ ಬಸ್ ತಗೊಳ್ಳಿ, ಅದು ಮೇಲೆ ಹಳೇ ಊರಿನ ಅಂಚಿಗೇ, ಪಿಯಾತ್ಸಾ ಗ್ರಾಮ್ಶಿ ಹತ್ತಿರ ಇಳಿಸುತ್ತೆ. ಅಲ್ಲಿಂದ ಕಾಂಪೊ ಚೌಕಕ್ಕೆ ದಾರಿ ಹೆಚ್ಚಾಗಿ ಇಳಿಜಾರು, ಸ್ವಲ್ಪವೇ ದೂರ. ಬಸ್ ಇಳಿಯೋ ಜಾಗಕ್ಕೂ ಕಾಂಪೊಗೂ ಮಧ್ಯೆ ರೂಮ್ ಹಿಡಿದರೆ ಸಾಕು. ಕಾಂಪೊದಿಂದ ಕೆಳಗಿನ ಬೀದಿಗಳಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಹಿಡೀಬೇಡಿ, ವಾಪಸ್ ಹತ್ತೋವಾಗ ಅಮ್ಮನಿಗೆ ಕಷ್ಟ.

ನಿಧಾನಯಾತ್ರಿ:

ಎಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಮೂರು ವಾರದಿಂದ ಸೈಟ್ ನೋಡಿ ಸಿಗದಿದ್ದ ವಿಷಯ ಇಲ್ಲಿ ಸಿಕ್ಕಿತು. ಅಣ್ಣನಿಗೆ ಝೆಡ್‌ಟಿಎಲ್ ಕಥೆ ಓದಿ ಹೇಳಿದೆ, ಕಾರಿನ ಮಾತು ಅಲ್ಲಿಗೇ ಮುಗೀತು.

ಈಗ ಹೀಗೆ ಅಂದುಕೊಂಡಿದ್ದೀನಿ. ರೋಮ್ ಪ್ರಾತಿಯಲ್ಲಿ ನಾಲ್ಕು ರಾತ್ರಿ, ಫ್ಲಾರೆನ್ಸ್ ಮೂರು, ಬೊಲೊನ್ಯಾ ಎರಡು, ವೆನಿಸ್ ಎರಡು. ಸಿಯೆನಾಗೆ ಫ್ಲಾರೆನ್ಸಿನಿಂದ ಒಂದು ದಿನ ಹೋಗಿ ಬರೋಣ ಅಂತ. ಪ್ರಾತಿ ಹತ್ತಿರದ ಎರಡು ಸನ್ಯಾಸಿನಿಯರ ಮನೆಗೆ ಇಮೇಲ್ ಬರೆದಿದ್ದೀನಿ. ಕಮಾನಿನ ಕೆಳಗೆ ಅಕ್ಕ, ಎರಡು ಸಂದೇಹ. ವೆನಿಸ್‌ಗೆ ಪ್ರವೇಶ ಶುಲ್ಕ ಅಂತ ಓದಿದೆ, ಅದು ನಮಗೂ ಬೀಳುತ್ತಾ? ನೀರು ಏರೋ ಕಾಲ ಅಂತಾರಲ್ಲ, ಅದರ ಭಯ ಇದೆಯಾ? ಅಮ್ಮ ಅದನ್ನೇ ಕೇಳ್ತಿದ್ದಾರೆ.

ಕಮಾನಿನ ಕೆಳಗೆ:

ಬಹಳ ಚೆನ್ನಾಗಿದೆ ನಿಮ್ಮ ಯೋಜನೆ. ಫ್ಲಾರೆನ್ಸಿನ ಮೂರು ರಾತ್ರಿ ನವೆಂಬರ್ 1ರ ರಜೆಗೆ ತಗಲದ ಹಾಗೆ ನೋಡ್ಕೊಳ್ಳಿ. ಆ ರಜೆ ವಾರಾಂತ್ಯಕ್ಕೆ ಅಂಟಿಕೊಂಡರೆ ಇಟಲಿಯವರೇ ಊರೂರು ಹೊರಡ್ತಾರೆ, ಬೆಲೆ ಏರುತ್ತೆ.

ಪ್ರವೇಶ ಶುಲ್ಕ ನಿಮಗೆ ಬೀಳಲ್ಲ. 2024ರಲ್ಲಿ ಶುರುವಾದದ್ದು ಅದು, ಈವರೆಗೆ ಏಪ್ರಿಲ್‌ನಿಂದ ಜುಲೈವರೆಗಿನ ಆಯ್ದ ದಿನಗಳಿಗೆ ಮಾತ್ರ, ಅದೂ ಬೆಳಿಗ್ಗೆ ಬಂದು ಸಂಜೆ ಹೋಗೋರಿಗೆ. ವೆನಿಸ್ ನಗರಸಭೆ ವ್ಯಾಪ್ತಿಯಲ್ಲಿ ರಾತ್ರಿ ಉಳಿಯೋರು ಪ್ರವಾಸಿ ತೆರಿಗೆ ಕೊಡೋದರಿಂದ ಅವರಿಗೆ ವಿನಾಯಿತಿ ಇದೆ.

ನೀರಿನ ವಿಷಯ ಅಮ್ಮನಿಗೆ ಹೀಗೆ ಹೇಳಿ. ಅಕ್ವಾ ಆಲ್ತಾ, ಅಂದ್ರೆ ಈ ನೀರು ಏರೋದು, ಬರೋದು ಶರತ್ಕಾಲ, ಚಳಿಗಾಲದಲ್ಲೇ. ಆದರೆ 2020ರ ಅಕ್ಟೋಬರ್‌ನಿಂದ ಮೋಸೆ ಅನ್ನೋ ತಡೆಗೇಟುಗಳು ಕೆಲಸ ಮಾಡ್ತಿವೆ. ಸಮುದ್ರದ ನೀರು ತುಂಬಾ ಏರೋ ಮುನ್ಸೂಚನೆ ಇದ್ದರೆ ಗೇಟು ಎತ್ತಿ ಊರಿಗೆ ನುಗ್ಗದ ಹಾಗೆ ತಡೀತಾರೆ. ಅಷ್ಟು ಏರದ ದಿನಗಳಲ್ಲಿ ಸಾನ್ ಮಾರ್ಕೊ ಚೌಕದಂಥ ತಗ್ಗಿನ ಜಾಗದಲ್ಲಿ ಒಂದೆರಡು ಗಂಟೆ ನೀರು ನಿಲ್ಲಬಹುದು, ಆಗ ಬೇರೆ ಕಡೆ ಸುತ್ತಿ. ರೂಮ್ ಮಾತ್ರ ನೆಲಮಹಡಿಯದ್ದು ಬೇಡ. ಮೆಟ್ಟಿಲು ತಪ್ಪಿಸೋಕೆ ಅಂತ ನೆಲಮಹಡಿ ಹಿಡೀಬೇಕು ಅನ್ಸುತ್ತೆ, ವೆನಿಸಲ್ಲಿ ಅದು ತೇವ, ಗೋಡೆಯೆಲ್ಲ ಉಪ್ಪು ಹಿಡಿದಿರುತ್ತೆ. ಲಿಫ್ಟ್ ಇರೋ ಹೋಟೆಲಲ್ಲಿ ಮೊದಲನೇ ಮಹಡಿ ಕೇಳಿ. ಕಡಿಮೆ ಬೆಲೆಯ ಹೋಟೆಲಲ್ಲಿ ಲಿಫ್ಟ್ ಅಪರೂಪ. ಹುಡುಕೋದಕ್ಕೆ ಎರಡು ದಿನ ಹೆಚ್ಚು ಹೋದರೂ ಇದೊಂದನ್ನ ಬಿಟ್ಟುಕೊಡಬೇಡಿ.

ಮೂರು ಮಂಚದ ರೂಮ್ ಸಿಗದಿದ್ದರೆ ಇಬ್ಬರ ರೂಮಿಗೆ ಹೆಚ್ಚುವರಿ ಹಾಸಿಗೆ ಹಾಕಿಸ್ತಾರೆ, ಅದು ಮಡಚೋ ಕಬ್ಬಿಣದ ಮಂಚ. ನೀವು ಅದರ ಮೇಲೆ ಮಲಗಿ, ಅಪ್ಪ ಅಮ್ಮನಿಗೆ ಒಳ್ಳೇ ಮಂಚ ಬಿಡಿ. ಬುಕ್ ಮಾಡುವಾಗ ಆದಷ್ಟು ರದ್ದು ಮಾಡಬಹುದಾದ ದರವನ್ನೇ ತಗೊಳ್ಳಿ. ವೀಸಾ ಅರ್ಜಿಗೆ ಉಳಿಯೋ ಜಾಗದ ಪುರಾವೆ ಬೇಕೇ ಬೇಕು, ದಿನಾಂಕ ಬದಲಾದರೆ ಕೈ ಸುಡಬಾರದು.

ಮೆಟ್ಟಿಲು, ಲಿಫ್ಟ್, ಹೀಟರ್, ಒಳಅಂಗಳದ ಕಿಟಕಿ, ಇಷ್ಟನ್ನ ಕೇಳೋ ನಾಲ್ಕು ಸಾಲಿನ ಇಟಾಲಿಯನ್ ಪತ್ರ ನನ್ನ ಹತ್ತಿರ ತಯಾರಿದೆ. ಸಣ್ಣ ಹೋಟೆಲಿನವರು, ಸನ್ಯಾಸಿನಿಯರು ಇಂಗ್ಲಿಷ್‌ಗಿಂತ ಅದಕ್ಕೆ ಬೇಗ ಉತ್ತರ ಕೊಡ್ತಾರೆ. ಇವತ್ತು ಸಂಜೆ ನಿಮಗೆ ಖಾಸಗಿಯಾಗಿ ಕಳಿಸ್ತೀನಿ, ದಿನಾಂಕ ಹಾಕಿಕೊಂಡು ಬಳಸಿ. ಬೊಲೊನ್ಯಾದ ರೂಮ್ ಬುಕ್ ಮಾಡೋ ಮುಂಚೆ ಮಾತ್ರ ನನಗೆ ವಿಳಾಸ ತೋರಿಸಿ, ಆ ಬೀದಿ ಹೇಗಿದೆ ಅಂತ ನಡೆದು ನೋಡಿಯೇ ಹೇಳ್ತೀನಿ.